ಬಾವಿ ನೀರಿನ ಮೂರು ಬಳಚು

"ಮೀನು ತಂದವಳ ಹೆಸರನ್ನು ಹೋಟೆಲಿನ ಬೋರ್ಡಿನ ಮೇಲೆ ಹಾಕ್ತಾರಾ, ಚಂಪಾ?" ಎಂದು ರಾಜೀವ ಸರ್ ನಗುತ್ತಾ ಕೇಳಿದರು. ಈ ಮನುಷ್ಯನ ಜಂಬವನ್ನು ನಾಲ್ಕು ಜನರ ಮುಂದೆ ನಿಲ್ಲಿಸಿಯೇ ಇಳಿಸಬೇಕು ಎಂದು ನಾನು ಹಟ ತೊಟ್ಟದ್ದು ಆ ಗಳಿಗೆಯಲ್ಲಿ.

ಕಾರವಾರದ ಒಂದು ಪ್ರಯೋಗಾಲಯದಲ್ಲಿ ಅವರು ನನ್ನ ಗೈಡ್. ಎರಡು ವರ್ಷ ನಾನು ಮಾಡಿದ ಕೆಲಸವನ್ನು ಅವರು ವಿಚಾರಸಂಕಿರಣದಲ್ಲಿ ಮಂಡಿಸುವವರಿದ್ದರು. ಆಮಂತ್ರಣ ಪತ್ರಿಕೆಯಲ್ಲಿ ಎರಡೇ ಹೆಸರು: ಅವರದ್ದು, ಅವರ ತಂಗಿಯ ಮಗ ಅಮಿತನದ್ದು. ಅಮಿತ ಪ್ರಯೋಗಾಲಯಕ್ಕೆ ಬರುತ್ತಿದ್ದದ್ದು ಎ.ಸಿ. ಗಾಳಿಗೆ. ನನ್ನ ಹೆಸರು ಕೊನೆಯ ಧನ್ಯವಾದದ ಸಾಲಿನಲ್ಲೂ ಇರಲಿಲ್ಲ. ಕೇಳಲು ಹೋದರೆ ಈ ಮಾತು.

ಕೆಲಸ ಬಳಚಿನ ಮೇಲಿನದು. ಹೊಳೆ ಕಡಲು ಸೇರುವಲ್ಲಿ ಕೆಸರಿನೊಳಗೆ ಸಿಗುವ ಈ ಚಿಪ್ಪಿಯನ್ನು ಹೆಕ್ಕಿ, ಅಂಕೋಲಾ ಪೇಟೆಯಲ್ಲಿ ಮಾರಿಯೇ ಆಯಿ, ನನ್ನ ತಾಯಿ ಮಂಜಿ, ನನ್ನನ್ನು ಎಮ್ಮೆಸ್ಸಿವರೆಗೆ ಓದಿಸಿದ್ದು. ಕಾಳಿ ನದಿಯ ಬಾಯಿಂದ ಆರು ಬಳಚು, ನಮ್ಮೂರು ಭಾವಿಕೇರಿಯಿಂದ ಆಯಿ ಹೆಕ್ಕಿಕೊಟ್ಟ ಆರು ಬಳಚು ತಂದು, ಅವುಗಳ ಜೀನ್‌ಗಳಲ್ಲಿ ಯಾವುದು ಎಷ್ಟು ದುಡಿಯುತ್ತಿದೆ ಎಂದು ನಾನು ಅಳೆದಿದ್ದೆ. ಜೀನ್ ಇದ್ದರೆ ಸಾಲದು, ಅದು ಎದ್ದು ಕೆಲಸ ಮಾಡಬೇಕು; ಕೆಲವು ಸದಾ ದುಡಿಯುತ್ತವೆ, ಕೆಲವು ಕಷ್ಟ ಬಂದಾಗ ಮಾತ್ರ ಏಳುತ್ತವೆ. ಆ ಅಳತೆಯನ್ನೆಲ್ಲ ಬಣ್ಣದ ಚೌಕಗಳಾಗಿ ಮಾಡಿದರೆ ಹೀಟ್‌ಮ್ಯಾಪ್ ಎಂಬ ಚಿತ್ರ ಸಿಗುತ್ತದೆ. ಅಡ್ಡ ಸಾಲು ಒಂದೊಂದು ಜೀನ್, ಉದ್ದ ಸಾಲು ಒಂದೊಂದು ಬಳಚು. ಜೋರಾಗಿ ದುಡಿಯುವುದು ಕೆಂಪು, ಮಲಗಿದ್ದು ನೀಲಿ.

ಚಿತ್ರ ಮೊದಲ ಸಲ ಪರದೆಯ ಮೇಲೆ ಬಂದಾಗ ಎಲ್ಲೋ ಏನೋ ತಪ್ಪಿದೆ ಅನ್ನಿಸಿತ್ತು. ಭಾವಿಕೇರಿಯ ಕೊನೆಯ ಮೂರು ಸಾಲು ಮೇಲಿಂದ ಕೆಳಗೆ ಕೆಂಡದಂತೆ ಕೆಂಪು. ಪಕ್ಕದ ಮೂರು, ಅದೇ ಕೆಸರಿನವು, ತಣ್ಣಗೆ ನೀಲಿ. ಆ ಕೊನೆಯ ಮೂರನ್ನು ಮಂಜುಗಡ್ಡೆ ಸಾಲದೆ ಒಂದು ರಾತ್ರಿ ಮನೆಯಲ್ಲೇ, ಕಡಲ ನೀರಿನ ಬಕೆಟ್ಟಿನಲ್ಲಿ ಬಿಟ್ಟು ಬಂದಿದ್ದೆ. ಊರಿಗೆ ಹೋಗಿ ಆಯಿಯನ್ನು ಕೇಳಿದೆ.

"ಆ ಕೊಳಕು ನೀರು ಚೆಲ್ಲಿ ಬಾವಿ ನೀರು ಹಾಕಿಟ್ಟಿದ್ದೆ, ಹೊಯ್ಗೆ ಬಿಡ್ಲಿ ಅಂತ" ಎಂದಳು ಆಯಿ ಹೆಮ್ಮೆಯಿಂದ; ತಿನ್ನುವ ಬಳಚು ಒಳಗಿನ ಮರಳು ಕಕ್ಕಲೆಂದು ಅವಳು ಯಾವಾಗಲೂ ಹಾಗೆಯೇ ಮಾಡುವುದು. "ನಿನ್ನ ಸರ್ ನಮ್ಮನೆಗೆ ಉಂಬುಕೆ ಬಂದಾಗ ಹೇಳಿದ್ರಲ್ಲ, ಒಂದು ಕಾಳು ಹೊಯ್ಗೆನೂ ಇಲ್ಲ ಅಂತ. ಅವ್ರ ಆಫೀಸಿಗೇ ಹೋಗೂ ಬಳಚು, ಹೊಯ್ಗೆ ಇಟ್ಟು ಕೊಡುಕೆ ಆತದೆ?"

ಉಪ್ಪುನೀರಿನ ಜೀವವನ್ನು ರಾತ್ರಿಯಿಡೀ ಸಿಹಿನೀರಿನಲ್ಲಿಟ್ಟರೆ ಅದರ ಜೀನ್‌ಗಳು ಬೊಬ್ಬೆ ಹೊಡೆಯದೆ ಇನ್ನೇನು ಮಾಡಿಯಾವು? ಆಯಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. "ನಿನ್ನ ಬಳಚೇ ಎಲ್ಲದಕ್ಕಿಂತ ಚೊಲೋ ಬಂದಿದಾವೆ ಆಯಿ" ಎಂದೆ. ಮರುದಿನ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದೆ: ಕೊನೆಯ ಮೂರು ಬಿಡುವುದು, ಬಾವಿ ನೀರಿನಲ್ಲಿ ಇದ್ದವು.

ಅದಕ್ಕೂ ಮೊದಲೇ ರಾಜೀವ ಸರ್ ಹನ್ನೆರಡು ಸಾಲಿನ ಫೈಲನ್ನು ಕಂಪ್ಯೂಟರಿನಿಂದ ಎತ್ತಿಕೊಂಡಿದ್ದರೆಂದು ನನಗೆ ಗೊತ್ತಾದದ್ದು ಆಮಂತ್ರಣ ನೋಡಿದ ಮೇಲೆ. ಹೋಟೆಲಿನ ಬೋರ್ಡಿನ ಮಾತು ಕೇಳಿಸಿಕೊಂಡ ದಿನವೂ ನೋಟ್‌ಬುಕ್ ನನ್ನ ಕೈಯಲ್ಲೇ ಇತ್ತು. "ಇದನ್ನಾದರೂ ಒಮ್ಮೆ ನೋಡಿ ಸರ್" ಎಂದೆ. ಎಚ್ಚರಿಸುವ ಧರ್ಮಕ್ಕೆ ಅಷ್ಟು ಸಾಕು.

"ಅದೆಲ್ಲ ನೀನೇ ಇಟ್ಕೋ. ನನಗೆ ಫೈಲ್ ಇದೆ" ಎಂದರು.

ಇಟ್ಟುಕೊಂಡೆ.

ವಿಚಾರಸಂಕಿರಣದ ದಿನ ಆಯಿಯನ್ನು ಬೆಳಗಿನ ಬಸ್ಸಿಗೇ ಕಾರವಾರಕ್ಕೆ ಕರೆದುಕೊಂಡು ಬಂದೆ. ತನ್ನ ಬಳಚಿನ ಚಿತ್ರ ನೋಡಲು ಎಂದು ಅವಳು ದೀಪಾವಳಿಯ ಸೀರೆ ಉಟ್ಟಿದ್ದಳು, ಅಬ್ಬಲಿಗೆ ಮುಡಿದಿದ್ದಳು. ಇಬ್ಬರೂ ಹಿಂದಿನ ಸಾಲಿನಲ್ಲಿ ಕುಳಿತೆವು. ಅಧ್ಯಕ್ಷತೆ ಹೊರಗಿನಿಂದ ಬಂದ ಸಂಧ್ಯಾ ಮೇಡಂ ಅವರದ್ದು. ಚಿಪ್ಪಿಗಳ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದವರು.

ರಾಜೀವ ಸರ್ ಕೆಂಪು ದೀಪದ ಕಡ್ಡಿಯನ್ನು ನನ್ನ ಆ ಮೂರು ಸಾಲುಗಳ ಮೇಲೇ ಆಡಿಸಿದರು. "ಭಾವಿಕೇರಿಯಲ್ಲಿ ಎರಡು ಬಗೆಯ ಬಳಚುಗಳಿವೆ. ಈ ಮೂರು ಹುಟ್ಟಿನಿಂದಲೇ ಸಿಹಿನೀರಿಗೆ ಸಿದ್ಧವಾದವು. ಇದು ಹೊಸ ತಳಿಯೇ ಇರಬಹುದು!" ಚಪ್ಪಾಳೆ ಬಿತ್ತು. ಆಯಿಯೂ ತಟ್ಟಿದಳು.

ನಾನು ಎದ್ದು ನಿಂತೆ. "ಹೆಕ್ಕಿದ ಮೇಲೆ ಆ ಮೂರನ್ನು ಯಾವ ನೀರಿನಲ್ಲಿ ಇಟ್ಟಿದ್ದಿರಿ ಸರ್?"

"ಸಮುದ್ರದ ನೀರಿನಲ್ಲೇ. ಅಮಿತನೇ ಮುಂದೆ ನಿಂತು ಮಾಡಿಸಿದ್ದು." ಅಮಿತ ತಲೆಯಾಡಿಸಿದ.

"ಹೆಕ್ಕಿದವಳು ಇಲ್ಲೇ ಇದ್ದಾಳೆ. ಆಯಿ, ಯಾವ ನೀರಲ್ಲಿ ಇಟ್ಟಿದ್ದೆ?"

ಆಯಿ ಸೆರಗು ಸರಿಮಾಡಿಕೊಂಡು ಎದ್ದಳು. "ನಮ್ಮನೆ ಬಾವಿ ನೀರಾಗೆ. ರಾತ್ರಿ ಪೂರಾ. ಈ ಹುಡ್ಗನ ಮುಖ ನಾ ಇವತ್ತೇ ನೋಡೂದು."

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನಾನು ನೋಟ್‌ಬುಕ್ಕನ್ನು ಸಂಧ್ಯಾ ಮೇಡಂ ಮುಂದೆ ಇಟ್ಟೆ. ಅವರು ತಾರೀಕು ನೋಡಿದರು, ಸಾಲು ಓದಿದರು, ಹಿಂದಿನ ಪುಟಗಳನ್ನೂ ಒಂದೊಂದಾಗಿ ಮಗುಚಿದರು. ಎರಡು ವರ್ಷದ ಕೆಲಸ, ಎಲ್ಲವೂ ನನ್ನ ಅಕ್ಷರ. "ಇದನ್ನು ನೀವು ನೋಡೇ ಇಲ್ಲವೇ, ರಾಜೀವ್?" ಎಂದು ಕೇಳಿದರು. ರಾಜೀವ ಸರ್ ದೀಪದ ಕಡ್ಡಿಯನ್ನು ಆರಿಸಿ ಜೇಬಿಗೆ ಹಾಕಿಕೊಂಡರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಮಂಡನೆಯನ್ನು ಹಿಂದಕ್ಕೆ ತೆಗೆದುಕೊಂಡರು. ಉಳಿದ ಒಂಬತ್ತು ಸಾಲಿಗೆ ಇನ್ನೂ ಮೂರು ಹೊಸದಾಗಿ ಸೇರಿಸಿ ನನ್ನ ಹೆಸರಿನಲ್ಲೇ ಬರೆದು ಕಳಿಸಬೇಕೆಂದು ಮೇಡಂ ಎಲ್ಲರೆದುರೇ ಹೇಳಿದರು.

ಸಂಜೆಯ ಬಸ್ಸು ಬಿಣಗಾ ದಾಟುವವರೆಗೂ ನಾನೊಬ್ಬಳೇ ಮಾತಾಡುತ್ತಿದ್ದೆ. ರಾಜೀವನ ಮುಖ ಹೇಗೆ ಇಂಗು ತಿಂದ ಮಂಗನಂತಾಯಿತು, ಅಮಿತ ಹೇಗೆ ಹಿಂಬಾಗಿಲಿನಿಂದ ಜಾರಿದ ಎಂದೆಲ್ಲ. ಆಯಿ ಕಿಟಕಿಯ ಕಡೆ ತಿರುಗಿ ಕುಳಿತಿದ್ದಳು.

"ಅವ್ರೆಲ್ಲ ನಗಾಡಿದ್ದು ನನ್ನ ನೋಡಿಯೇ?"

"ಅಲ್ಲ ಆಯಿ, ಅವನ ನೋಡಿ."

"ನನ್ನ ಬಳಚೇ ಚೊಲೋ ಬಂದವೆ ಅಂದಿದ್ಯಲ್ಲ ನೀನು. ಅಂಕೋಲಾ ಪೇಟೆಲಿ ಎಲ್ಲಾರ ಹತ್ರನೂ ಹೇಳ್ಕಂಡು ಬಂದೆ ನಾ."

ಆ ಮೂರು ಸಾಲು ತೋರಿಸಿ ರಾಜೀವ ಜಂಬ ಕೊಚ್ಚಿದ್ದು ಅರ್ಧ ಗಂಟೆ. ಆಯಿ ಒಂದು ವರ್ಷದಿಂದ ಕೊಚ್ಚಿಕೊಳ್ಳುತ್ತಿದ್ದಳು. ಅವನ ಜಂಬ ಇಳಿಸಲೆಂದು ನಾನು ಅವಳನ್ನೇ, ಹೂ ಮುಡಿಸಿ, ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿದ್ದೆ. ತಪ್ಪಾಯಿತು ಎಂದೆ. ಅವಳು ಮುಡಿಯ ಅಬ್ಬಲಿಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಅಂಕೋಲಾ ಹತ್ತಿರ ಬಂದಾಗ ತಾನೇ ಬಾಯಿ ಬಿಟ್ಟಳು. "ಅಮಾಸೆ ಇಳಿತಕ್ಕೆ ಬೇರೆ ಮೂರು ಹೆಕ್ಕಿ ಕೊಡ್ತೆ. ಯಾವ ನೀರು ಹಾಕೂದು ಅಂತ ಈಗ್ಲೇ ಖರೆ ಹೇಳಿಬಿಡು."

"ಕಡಲ ನೀರು, ಆಯಿ."

"ಹೂಂ." ಹಲ್ಲು ಕಚ್ಚಿ ಹೇಳಿದಳು: "ಆ ಮನ್ಷ ಉಂಬುಕೆ ಬಂದ ದಿನ ಮಾತ್ರ ಹೊಯ್ಗೆ ಬಿಡಿಸದೇ ಬಡಿಸ್ಬೇಕಾಗಿತ್ತು ನಾನು."