ಲೀನತ್ತೆ ಮುಂಬಾಗಿಲು ತೆಗೆದ ದಿನ

ನಾಲ್ಕು ದಾರಿ ಕೂಡುವಲ್ಲಿದ್ದ ಸಕ್ಕರೆ ಕಾಯಿಲೆಯ ಕ್ಲಿನಿಕ್ಕಿಗೆ ಬೀಗ ಬಿದ್ದು ಒಂದು ಚಳಿಗಾಲ ಕಳೆಯಿತು. ಅದು ಅಮೆರಿಕದ ಒಂದು ನದಿ ದಂಡೆಯ ಮೂಲನಿವಾಸಿಗಳಿಗಾಗಿಯೇ, ಎಂದರೆ ಬಿಳಿಯರು ಬರುವ ಮೊದಲಿಂದ ಅಲ್ಲಿದ್ದ ಜನರಿಗಾಗಿಯೇ, ತೆರೆದಿದ್ದ ಕ್ಲಿನಿಕ್ಕು. ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: ಈ ಭಾಗದಲ್ಲಿ ಆ ಜನರ ಸಂಖ್ಯೆ ಕಡಿಮೆ ಇರುವುದರಿಂದ ಮುಚ್ಚಲಾಗಿದೆ.

ಲೀನತ್ತೆಗೆ ಮೈಯೆಲ್ಲ ಉರಿದುಹೋಯಿತು. ಅವಳ ಗಂಡ ವಾರ್ಡೆಲ್‌ನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುತ್ತಿದ್ದದ್ದು ಆ ಕ್ಲಿನಿಕ್ಕಿನ ನರ್ಸು. ಈಗ ಪೇಟೆಯ ಆಸ್ಪತ್ರೆಗೆ ಹೋಗಬೇಕು. ಹೋಗುವುದಕ್ಕೆ ಯಾರದಾದರೂ ಟ್ರಕ್ಕು ಸಿಗಬೇಕು. ಸಿಗದೆ ಸಿಗದೆ ಹೆಬ್ಬೆರಳು ಕಪ್ಪಾಯಿತು, ಕ್ರಿಸ್‌ಮಸ್ ಹೊತ್ತಿಗೆ ಅದನ್ನು ಕತ್ತರಿಸಿಯೂ ಆಯಿತು. ಹುಣ್ಣು ಹೀಗೇ ಏರಿದರೆ ಪಾದವೇ ಹೋದೀತು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಅವತ್ತು ಭಾನುವಾರ. ಚರ್ಚು ಮುಗಿಸಿಕೊಂಡು ಅಣ್ಣನ ಮಗಳು ಡಾರ್ಸಿ ಹಿಂಬಾಗಿಲಿನಿಂದ ಒಳಗೆ ಬಂದಳು. ಆ ನದಿ ದಂಡೆಯಲ್ಲಿ ಎಲ್ಲರೂ ಬರುವುದು ಹಿಂಬಾಗಿಲಿನಿಂದಲೇ. ಬಂದವರು ನೇರವಾಗಿ ಅಡುಗೆಮನೆಗೆ ಬರುತ್ತಾರೆ, ಸೊಪ್ಪಿನ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಾರೆ. ಮುಂಬಾಗಿಲು ತಟ್ಟುವವನೆಂದರೆ ಸಾಲ ಕೇಳುವವನು, ಇಲ್ಲವೇ ಪೊಲೀಸು. ಲೀನತ್ತೆ ಮುಂಬಾಗಿಲಿಗೆ ಸೋಫಾ ಅಡ್ಡ ಇಟ್ಟು ಎಷ್ಟೋ ವರ್ಷವಾಗಿತ್ತು. ಯಾರು ತಟ್ಟಿದರೂ ಅವಳು ಟಿ.ವಿ. ಸದ್ದು ತಗ್ಗಿಸಿ ಉಸಿರು ಬಿಗಿಹಿಡಿದು ಕೂರುತ್ತಿದ್ದಳು.

ಡಾರ್ಸಿ ಶಾಲೆಯಲ್ಲಿ ಟೀಚರು. ಊಟದ ಮೇಜಿನ ಮೇಲೆ ಒಂದು ಕಾಗದ ಹರಡಿದಳು. "ಅತ್ತೆ, ಕ್ಲಿನಿಕ್ಕು ಯಾಕೆ ಮುಚ್ಚಿದ್ರು ಅಂತ ಕೇಳ್ತಿದ್ರಲ್ಲ, ನೋಡಿ. ನಮ್ಮ ಕೌಂಟಿಲಿ, ಈ ಇಡೀ ಜಿಲ್ಲೇಲಿ, ಯಾವ್ಯಾವ ಜನ ಎಷ್ಟೆಷ್ಟು ಇದ್ದಾರೆ ಅಂತ ಹಿಂದಿನ ಜನಗಣತಿ ಲೆಕ್ಕ. ಬಿಳಿಯರು ಅರ್ಧಕ್ಕಿಂತ ಜಾಸ್ತಿ. ಆಮೇಲೆ ಕಪ್ಪು ಜನ. ಆಮೇಲೆ ಮೆಕ್ಸಿಕೋ ಕಡೆಯೋರು. ನಮ್ಮೋರು ನೂರಕ್ಕೆ ನಾಲ್ಕು."

"ಏನಂದೆ?" ಲೀನತ್ತೆ ಸೌಟು ಕೆಳಗಿಟ್ಟಳು. "ನೂರಕ್ಕೆ ನಾಲ್ಕಾ? ಇವತ್ತು ಚರ್ಚಲ್ಲಿ ಕೂರೋಕೆ ಜಾಗ ಇಲ್ದೆ ಗಂಡಸರೆಲ್ಲ ಗೋಡೆಗೆ ಒರಗಿ ನಿಂತಿದ್ರಲ್ಲ, ಅವರೆಲ್ಲ ಯಾರಂತೆ? ದೆವ್ವಗಳಾ?"

"ಬರೆಸ್ಕೊಂಡಿಲ್ಲ ಅತ್ತೆ. ಬರೆಸದೇ ಇದ್ರೆ ಇಲ್ಲ ಅಂತಲೇ ಲೆಕ್ಕ. ಈ ವಸಂತದಲ್ಲಿ ಮತ್ತೆ ಎಣಿಸ್ತಾರೆ. ನಿಮಗೂ ಫಾರ್ಮು ಬಂದಿರ್ಬೇಕಲ್ಲ?"

"ಬಂತು. ಒಲೆಗೆ ಹಾಕ್ದೆ."

"ಅತ್ತೆ!"

"ಏನತ್ತೆ? ನಮ್ಮಪ್ಪನ್ನ ಒಂದ್ಸಲ ಕಪ್ಪು ಅಂತ ಬರೆದ್ರು, ಇನ್ನೊಂದ್ಸಲ ಬಿಳಿ ಅಂತ ಬರೆದ್ರು. ಅದೇ ಅಪ್ಪ, ಅದೇ ಮನೆ! ಬಂದೋನು ಗಾಡಿಯಿಂದ ಇಳೀದೇನೇ ಮುಖ ನೋಡಿ ಗೀಚ್ಕೊಂಡು ಹೋದ. ಬಿಸಿಲಲ್ಲಿ ಹೊಗೆಸೊಪ್ಪು ಕೀಳೋವಾಗ ಕಂಡ್ರೆ ಒಂದು, ಚಳಿಗಾಲದಲ್ಲಿ ಕಂಡ್ರೆ ಇನ್ನೊಂದು. ಕಪ್ಪು ಜನ ಅಂದ್ರೆ ನಂಗೇನು ಬೇಜಾರಿಲ್ಲ, ಕಷ್ಟಕ್ಕಾದ ನೆರೆಯೋರು ಅವರು. ಆದ್ರೆ ನಾನು ಯಾರು ಅಂತ ಹೇಳೋಕೆ ಅವನ್ಯಾರು? ಅಂಥೋರ ಲೆಕ್ಕಕ್ಕೆ ನಾನ್ಯಾಕೆ ಉತ್ತರ ಕೊಡ್ಲಿ?"

ಅಷ್ಟರಲ್ಲಿ ಮುಂದಿನ ಅಂಗಳದಿಂದ ಕೂಗು ಕೇಳಿತು. ಎದುರು ಮನೆಯ ಪ್ರೂಯಿಟ್. ನಿವೃತ್ತನಾಗಿ ಉತ್ತರದಿಂದ ಬಂದು ನೆಲೆಸಿದ ಬಿಳಿಯ, ಒಳ್ಳೆಯ ಮನುಷ್ಯ. ಇಷ್ಟು ವರ್ಷವಾದರೂ ಅವನಿಗೆ ಹಿಂಬಾಗಿಲಿನ ಅಭ್ಯಾಸವಾಗಿರಲಿಲ್ಲ. ಲೀನತ್ತೆ ಕಿಟಕಿಯಿಂದ ಕೈ ಬೀಸಿ, "ಸುತ್ತಾಕ್ಕೊಂಡು ಬಾರಯ್ಯ!" ಎಂದು ಕೂಗಿದಳು. ಅವನು ಮೊನ್ನೆ ಕೊಂಡೊಯ್ದಿದ್ದ ಪಾತ್ರೆ ಹಿಡಿದುಕೊಂಡು ಸುತ್ತಿ ಬಂದ.

ಮೇಜಿನ ಮೇಲಿದ್ದ ಕಾಗದ ನೋಡಿದ್ದೇ ಅವನ ಮುಖ ಅರಳಿತು. "ಜನಗಣತಿನಾ? ಹೋದ ಸಲ ನಿಮ್ಮ ಮನೇದು ನಾನೇ ಬರೆಸ್ದೆ ಕಣಮ್ಮ! ಆ ಹುಡುಗ ಪಾಪ, ಬಂದು ಬಂದು ನಿಮ್ಮ ಮುಂಬಾಗಿಲು ತಟ್ಟಿ ಸಾಕಾಗಿ ನಮ್ಮನೆಗೆ ಬಂದ. ಎದುರು ಮನೇಲಿ ಯಾರಿದ್ದಾರೆ ಅಂದ. ನಾನು ಆಗ ಹೊಸಬ. ಕಂಡಿದ್ದನ್ನ ಹೇಳ್ದೆ."

"ಏನಂತ ಹೇಳ್ದೆ?" ಲೀನತ್ತೆಯ ದನಿ ತಣ್ಣಗಾಗಿತ್ತು.

"ಒಬ್ಬ ಬಿಳಿ ಹೆಂಗಸು ಇದ್ದಾರೆ, ಒಂಟಿ, ವಿಧವೆ ಇರ್ಬೇಕು ಅಂತ."

ಮೂಲೆಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ವಾರ್ಡೆಲ್ ಕೆಮ್ಮಿದ. "ಬದುಕಿರೋವಾಗ್ಲೇ ನನ್ನನ್ನ ಮಣ್ಣು ಮಾಡ್ಬಿಟ್ಟೆಯಲ್ಲಯ್ಯ!"

"ನಾನು ನಿಮ್ಮನ್ನ ಕಂಡೇ ಇರ್ಲಿಲ್ಲ ವಾರ್ಡೆಲ್. ಈ ಮನೆ ಮುಂದುಗಡೆ ಇವರು ಗಿಡಕ್ಕೆ ನೀರು ಹಾಕೋದು ಬಿಟ್ರೆ ಇನ್ಯಾರ ಮುಖಾನೂ ಕಂಡಿರ್ಲಿಲ್ಲ."

"ಕಾಣ್ದೆ ಇದ್ರೆ ಕೇಳ್ಬೇಕಿತ್ತು!" ಲೀನತ್ತೆ ಎದ್ದು ನಿಂತಳು. "ಆಗ ಈ ಮನೇಲಿ ಆರು ಜನ ಇದ್ವಿ. ನಮ್ಮತ್ತೆ ಬದುಕಿದ್ರು, ನನ್ನಿಬ್ರು ಹೆಣ್ಮಕ್ಳಿದ್ರು, ತಮ್ಮ ಇದ್ದ. ಆರು ಜನಾನೂ ನಮ್ಮ ಜನ! ನೀನು ಒಂದೇ ಮಾತಲ್ಲಿ ಐದು ಜನನ್ನ ಗುಡಿಸಿ ಹಾಕ್ದೆ, ಉಳ್ದ ಒಬ್ಳಿಗೂ ಬಿಳಿ ಬಣ್ಣ ಬಳ್ದೆ! ನನ್ನ ಚರ್ಮ ಬೆಳ್ಳಗಿದ್ರೆ ನಾನು ಬಿಳಿಯೋಳಾದ್ನಾ? ಈ ದಂಡೇಲಿ ಯಾರೇ ಹೊಸಬರು ಸಿಕ್ಕಿದ್ರೂ ನಾವು ಮೊದಲು ಕೇಳೋದು ಒಂದೇ ಮಾತು, ನೀನು ಯಾರ ಪೈಕಿ ಅಂತ. ಇಷ್ಟು ವರ್ಷ ನನ್ನ ಕೈಯಡಿಗೆ ತಿಂದ್ಯಲ್ಲ, ಒಂದು ದಿನ ಕೇಳಿದ್ಯಾ?"

ಪ್ರೂಯಿಟ್ ತಲೆ ತಗ್ಗಿಸಿದ. "ಇಲ್ಲ. ತಪ್ಪಾಯ್ತು."

"ತಪ್ಪು ಅವರೊಬ್ಬರದೇ ಅಲ್ಲ ಅತ್ತೆ," ಎಂದಳು ಡಾರ್ಸಿ. ಅವಳಿಗೂ ಸಿಟ್ಟು ಬಂದಿತ್ತು, ಕಣ್ಣಲ್ಲಿ ನೀರೂ ಇತ್ತು. "ನಮಗೆ ಹೊರಗಿನೋರು ಹಾಕೋ ಲೆಕ್ಕ ಕಂಡ್ರೆ ಆಗಲ್ಲ, ಸರಿ. ಆದ್ರೆ ನಾವು ಬಾಯಿ ಮುಚ್ಕೊಂಡು ಸೋಫಾ ಹಿಂದೆ ಕೂತ್ರೆ ಲೆಕ್ಕ ನಿಲ್ಲುತ್ತಾ? ನಮ್ಮ ಬದ್ಲು ಇನ್ಯಾರೋ ಹೇಳ್ತಾರೆ. ತಾತನ ಕಾಲದಲ್ಲಿ ಬಂದೋನು ಮುಖ ನೋಡಿ ಬರೀತಿದ್ದ. ಈಗ ಹಂಗಿಲ್ಲ, ಫಾರ್ಮು ಕಳಿಸ್ದೇ ಇರೋರ ಮನೆಗೆ ಲೆಕ್ಕದೋರು ಬರ್ತಾರೆ, ಬಂದೋರು ನೀವು ಹೇಳಿದ್ದನ್ನೇ ಬರೀಬೇಕು. ಮೂಲನಿವಾಸಿ ಅನ್ನೋ ಕಡೆ ನಮ್ಮ ಕುಲದ ಹೆಸರು ಬರೆಯೋಕೂ ಜಾಗ ಇದೆ. ಆ ಜಾಗ ನೀವು ಖಾಲಿ ಬಿಟ್ರೆ ಕ್ಲಿನಿಕ್ಕು ತೆರೆಯಲ್ಲ, ಮಾವನ ಕಾಲು ಹೋಗುತ್ತೆ. ಇನ್ನು ನಾನು ಮೆತ್ತಗೆ ಹೇಳಲ್ಲ."

ಲೀನತ್ತೆ ಕುರ್ಚಿಯಲ್ಲಿ ಕೂತಳು. ದನಿ ತಗ್ಗಿಸಿ, ಯಾರಿಗೂ ಹೇಳದ ಮಾತು ಹೇಳಿದಳು. "ಈ ಜಾಗ ಬಾಡಿಗೇದು ಕಣೇ. ಕರಾರಲ್ಲಿ ಇರೋದು ನಾವಿಬ್ರೇ. ಮಗಳು ಟೆಸ್ಸಾ ಎರಡು ಮಕ್ಳನ್ನ ಕರ್ಕೊಂಡು ಬಂದಿದ್ದಾಳೆ ಅಂತ ಮಾಲೀಕನಿಗೆ ಗೊತ್ತಾದ್ರೆ ಎತ್ತಂಗಡಿ ಮಾಡ್ಸ್ತಾನೆ."

"ಗೊತ್ತಾಗಲ್ಲ. ಯಾರ ಮನೇಲಿ ಯಾರಿದ್ದಾರೆ ಅಂತ ಲೆಕ್ಕದೋರು ಮಾಲೀಕನಿಗೂ ಹೇಳೋ ಹಂಗಿಲ್ಲ, ಪೊಲೀಸರಿಗೂ ಹೇಳೋ ಹಂಗಿಲ್ಲ. ಹೇಳಿದೋನು ಜೈಲಿಗೆ ಹೋಗ್ತಾನೆ, ಅದು ಕಾನೂನು. ಹೊರಗೆ ಬರೋದು ಒಟ್ಟು ಲೆಕ್ಕ ಮಾತ್ರ."

"ಕೂಸನ್ನೂ ಬರೆಸ್ಬೇಕಾ? ಅದಿನ್ನೂ ಕತ್ತೇ ನಿಲ್ಲಿಸಿಲ್ಲ."

"ಕೂಸನ್ನ ಮೊದಲು ಬರೆಸಿ. ಮುಂದಿನ ಲೆಕ್ಕದ ಹೊತ್ತಿಗೆ ಅದು ಶಾಲೇಲಿರುತ್ತೆ. ಅಲ್ಲೀವರೆಗೂ ಅದು ಈ ಕೌಂಟಿಲಿ ಹುಟ್ಟೇ ಇಲ್ಲ ಅಂತ ಆಗ್ಬೇಕಾ?"

ಲೀನತ್ತೆ ಎದ್ದು ಹೋಗಿ ಸೋಫಾದ ಒಂದು ತುದಿ ಹಿಡಿದಳು. "ಏ ಪ್ರೂಯಿಟ್, ನೋಡ್ತಾ ನಿಂತ್ಕೋಬೇಡ. ಆ ಕಡೆ ಹಿಡಿ."

ವಾರ ಕಳೆಯುವುದರೊಳಗೆ ಮುಂಬಾಗಿಲು ತಟ್ಟಿದ ಸದ್ದಾಯಿತು. ಹಳೆಯ ಚಾಳಿ, ಲೀನತ್ತೆಯ ಕೈ ಟಿ.ವಿ. ಕಡೆಗೆ ಹೋಯಿತು. ವಾರ್ಡೆಲ್ ಅವಳನ್ನೇ ನೋಡುತ್ತಿದ್ದ. ಅವಳು ಎದ್ದು ಚಿಲಕ ಎಳೆದಳು. ಮಳೆ ಕುಡಿದು ಊದಿಕೊಂಡಿದ್ದ ಬಾಗಿಲು ಜಗ್ಗಲಿಲ್ಲ. ಕಾಲು ಕೊಟ್ಟು ಎಳೆದಳು. ಕಿರ್ರೆಂದು ತೆರೆದುಕೊಂಡಿತು.

ಮೆಟ್ಟಿಲ ಮೇಲೆ ಚೀಲ ನೇತುಹಾಕಿಕೊಂಡ ಒಬ್ಬ ಹೆಂಗಸು. "ಜನಗಣತಿಯಿಂದ ಬಂದಿದ್ದೀನಿ ಅಮ್ಮ."

"ಗುರುತಿನ ಚೀಟಿ ತೋರ್ಸು." ನೋಡಿದಳು. "ನೀನು ಯಾರ ಪೈಕಿ?"

"ನಾನು ಈ ಕಡೆಯೋಳಲ್ಲ ಅಮ್ಮ."

"ಪರ್ವಾಗಿಲ್ಲ. ನಾನು ಯಾರ ಪೈಕಿ ಅಂತ ನಾನು ಹೇಳ್ತೀನಿ, ನೀನು ಬರ್ಕೋ. ನನ್ನ ಮುಖ ನೋಡ್ಬೇಡ, ನನ್ನ ಮಾತು ಕೇಳು. ಈ ಮನೇಲಿ ಐದು ಜನ. ನಾನು, ನನ್ನ ಗಂಡ, ನನ್ನ ಮಗಳು, ಅವಳ ಹುಡುಗಿ, ಅವಳ ಕೂಸು. ಐದಕ್ಕೂ ಮೂಲನಿವಾಸಿ ಅಂತ ಬರಿ. ಕೆಳಗೆ ನಮ್ಮ ಕುಲದ ಹೆಸರು ಬರಿ, ಒಂದಕ್ಷರಾನೂ ಬಿಡ್ಬೇಡ."

ಒಳಗಿನಿಂದ ವಾರ್ಡೆಲ್ ಕೂಗಿದ. "ಹೆಬ್ಬೆರಳು ಹೋಗಿದೆ ತಾಯಿ, ಆದ್ರೂ ನನ್ನನ್ನ ಪೂರ್ತಿ ಒಬ್ಬ ಅಂತಲೇ ಬರ್ಕೋ!"

ಆ ಹೆಂಗಸು ನಕ್ಕಳು. ಲೀನತ್ತೆಗೆ ನಗು ಬರಲಿಲ್ಲ. ಬರೆದದ್ದನ್ನೆಲ್ಲ ಅವಳ ಬಾಯಿಂದ ಇನ್ನೊಮ್ಮೆ ಓದಿಸಿ ಕೇಳಿದಳು. ಆಮೇಲೆ ಅವಳ ಜೊತೆಯಲ್ಲೇ ಅಂಗಳಕ್ಕೆ ಇಳಿದಳು. "ನಡಿ, ಪಕ್ಕದ ಮನೆಗೆ ಕರ್ಕೊಂಡು ಹೋಗ್ತೀನಿ. ಅವರೂ ಬಾಗಿಲು ತೆಗಿಯಲ್ಲ. ಹಿಂದಿನಿಂದ ಹೋಗೋಣ, ನಾನು ಕೂಗ್ತೀನಿ."

ಕ್ಲಿನಿಕ್ಕಿನ ಬೀಗ ಇನ್ನೂ ತೆಗೆದಿಲ್ಲ. ಹೊಸ ಲೆಕ್ಕ ಬರಲಿ, ನೋಡೋಣ ಎಂದಿದ್ದಾರೆ. ಬರಲಿ. ಅಲ್ಲಿಯವರೆಗೆ ವಾರ್ಡೆಲ್‌ನನ್ನು ಪೇಟೆಯ ಆಸ್ಪತ್ರೆಗೆ ಪ್ರೂಯಿಟ್ ತನ್ನ ಕಾರಿನಲ್ಲಿ ಕರೆದೊಯ್ಯುತ್ತಾನೆ. ಆದರೆ ಈ ಸಲ ಆ ದಂಡೆಯ ಜನ ಇಲ್ಲ ಎಂದು ಯಾರಾದರೂ ಚೀಟಿ ಅಂಟಿಸಿದರೆ ಹರಿದು ಹಾಕಲು ಲೀನತ್ತೆ ಮುಂದೆ ನಿಂತಿರುತ್ತಾಳೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬಾಗಿಲನ್ನೂ ಒಂದು ದಿನ ಲೆಕ್ಕದವರು ತಟ್ಟುತ್ತಾರೆ. ಗುರುತಿನ ಚೀಟಿ ಕೇಳಿ, ನೋಡಿ, ಬಾಗಿಲು ತೆಗೆಯಿರಿ. ಮನೆಯಲ್ಲಿ ಮಲಗಿ ಏಳುವ ಪ್ರತಿಯೊಬ್ಬರನ್ನೂ ಬರೆಸಿ. ಮೂಲೆಯ ಮುದುಕರನ್ನು ಬರೆಸಿ, ಆಸರೆಗೆ ಬಂದ ಮಗಳನ್ನು ಬರೆಸಿ, ತೊಟ್ಟಿಲ ಕೂಸನ್ನು ಬರೆಸಿ. ನೀವು ಯಾರ ಪೈಕಿ ಎಂಬುದನ್ನು ನಿಮ್ಮ ಬಾಯಿಂದಲೇ ಹೇಳಿ, ಬರೆದದ್ದನ್ನು ಓದಿಸಿ ಕೇಳಿ. ನೀವು ಹೇಳದಿದ್ದರೆ ಎದುರು ಮನೆಯವನು ಹೇಳುತ್ತಾನೆ. ಅವನು ಒಳ್ಳೆಯವನೇ ಇರಬಹುದು. ಆದರೆ ಅವನಿಗೆ ಕಾಣುವುದು ನಿಮ್ಮ ಮುಂಬಾಗಿಲು ಮಾತ್ರ.