ಬೆಂಕಿ ಮುಂದಿನ ಹಾಡು

ಒಳಗೆ ಕೈ ಹೋದರೆ ಪ್ರೆಸ್ ಮಿಷನ್ನನ್ನು ತಾನಾಗಿ ನಿಲ್ಲಿಸುವ ಸೆನ್ಸರನ್ನು ಕಂಪನಿಯವರು ಬಂದ್ ಮಾಡಿಸಿದ್ದರು. ಸೋಮವಾರ ಬೆಳಗಿನ ಶಿಫ್ಟಿನಲ್ಲಿ ಆ ಮಿಷನ್ನು ಚನ್ನೇಶನ ಎದೆಯ ಮೇಲೆ ಇಳಿಯಿತು. ಮಂಗಳವಾರ, ತುಮಕೂರಿನ ಆಸ್ಪತ್ರೆಯಿಂದ ಗುಬ್ಬಿಯ ಮನೆಗೆ ಬಂದ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಲು ನಾಲ್ಕು ಜನ ಪರದಾಡುತ್ತಿದ್ದರು.

“ಕಾಲು ಮಡಿಸ್ರಪ್ಪಾ, ನಿಧಾನ,” ಎಂದರು ಅಯ್ಯನವರು. “ಎದೆ ಹತ್ರ ಹಿಡೀಬೇಡಿ. ಅಲ್ಲೇನೂ ಉಳಿದಿಲ್ಲ.”

ತಲೆ ವಾಲದಂತೆ ಹಣೆಗೆ ಬಿಳಿ ಬಟ್ಟೆ ಸುತ್ತಿ, ಅದರ ತುದಿಯನ್ನು ಗೋಡೆಯ ಗೂಟಕ್ಕೆ ಬಿಗಿದರು. ವಿಭೂತಿ ಬಳಿದರು. ಎಡ ಅಂಗೈಯಲ್ಲಿ ಲಿಂಗವಿಟ್ಟು, ಬಲಗೈಯನ್ನು ಅದಕ್ಕೆ ಆಸರೆಯಾಗಿ ತಂದು, ಎರಡನ್ನೂ ಮಡಿಲಲ್ಲಿ ಕೂಡಿಸಿದರು. ಮೂಲೆಯಲ್ಲಿ ಕೂತಿದ್ದ ತಾಯಿ ತಿಪ್ಪಮ್ಮ ಆ ಕೈಗಳನ್ನೇ ನೋಡಿದಳು. ಮಗ ಗೇಮಿನ ರಿಮೋಟನ್ನು ಹಿಡಿಯುತ್ತಿದ್ದುದೂ ಹೀಗೆಯೇ. ಕಾಲು ಮಡಿಸಿ, ಇದೇ ಗೋಡೆಗೆ ಒರಗಿ, ಇದೇ ಟೀವಿಯ ಎದುರಿಗೆ. ಗೂಟವಿದ್ದದ್ದು ಆ ಗೋಡೆಯಲ್ಲಿ ಮಾತ್ರ. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೂ ಅವನನ್ನು ಅವನ ಜಾಗಕ್ಕೇ ತಂದು ಕೂರಿಸಿದ್ದರು.

“ಬದುಕಿದ್ದಾಗ್ಲೂ ಹಿಂಗೇ ಕುಂತಿರ್ತಿದ್ದ ಕಣವ್ವಾ,” ಎಂದು ಎದುರು ಮನೆಯ ದೊಡ್ಡಗಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಒಸಿ ಎದ್ ಬಾರ್ಲಾ, ಗ್ಯಾಸ್ ಸಿಲಿಂಡ್ರು ಎತ್ತಿಕ್ಕು ಅಂದ್ರೆ, ‘ತಡಿಯಜ್ಜಿ, ಈಗೆದ್ರೆ ಸಾಯ್ತೀನಿ’ ಅನ್ನೋನು. ದಿನಕ್ ನೂರ್ ಸಲ ಸಾಯ್ತೀನಿ ಅಂದು, ನೂರ್ ಸಲಾನೂ ಎದ್ ಬರೋನು.”

ಅಳಬೇಕೋ ನಗಬೇಕೋ ತಿಳಿಯದೆ ಹೆಂಗಸರು ಸುಮ್ಮನಾದರು. ಆ ಮೌನದಲ್ಲಿ ಎಲ್ಲರಿಗೂ ಒಟ್ಟಿಗೇ ಕೇಳಿಸಿತು.

ಕೊಳಲು. ಅದರ ಕೆಳಗೆ, ಬಾವಿಯೊಳಗಿನಿಂದ ಎಂಬಂತೆ, ಯಾವುದೋ ತಂತಿ ವಾದ್ಯ. ಬಹಳ ಮೆಲ್ಲಗೆ.

“ಯಾರ್ಲಾ ಅದು ಸಾವಿನ್ ಮನೇಲಿ ಫೋನ್ ಹಚ್ಕೊಂಡಿರೋದು?” ಎಂದು ಗದರಿದರು ಸದಾಶಿವಯ್ಯ, ಸತ್ತವನ ದೊಡ್ಡಪ್ಪ.

ಎಲ್ಲರೂ ತಮ್ಮ ತಮ್ಮ ಫೋನು ನೋಡಿಕೊಂಡರು. ಯಾರದೂ ಅಲ್ಲ. ಟೀವಿಯನ್ನು ಬೆಳಿಗ್ಗೆಯೇ ಯಾರೋ ಆರಿಸಿದ್ದರು. ಕಪ್ಪು ಗಾಜಿನಲ್ಲಿ ಹಾರ ಹಾಕಿಕೊಂಡ ಚನ್ನೇಶ ಮಸುಕಾಗಿ ಕಾಣುತ್ತಿದ್ದ. ಒಬ್ಬ ಹೋಗಿ ಕಿಟಕಿ ಮುಚ್ಚಿ ಬಂದ. ಹಾಡು ನಿಲ್ಲಲಿಲ್ಲ. ಒಬ್ಬೊಬ್ಬರಾಗಿ ಹೆಂಗಸರು ಬಾಗಿಲ ಕಡೆಗೆ ಸರಿದು ಕೂತರು.

ತಿಪ್ಪಮ್ಮನಿಗೆ ಮಾತ್ರ ಅದು ಎಲ್ಲಿಂದ ಬರುತ್ತಿದೆ ಎಂದು ಗೊತ್ತಿತ್ತು. ಗೋಡೆಯ ಎತ್ತರದ ಸಜ್ಜೆಯ ಮೇಲೆ, ರಾಗಿ ಡಬ್ಬಗಳ ಹಿಂದೆ, ಮಗನ ಕಂಪ್ಯೂಟರಿನ ಸ್ಪೀಕರಿತ್ತು. ಟೀವಿಗೆ ಜೋಡಿಸಿದ್ದ ಆ ಕಂಪ್ಯೂಟರ್ ಭಾನುವಾರದಿಂದ ಓಡುತ್ತಲೇ ಇತ್ತು. ಸೋಮವಾರ ಬಸ್ಸು ತಪ್ಪುತ್ತದೆಂದು ಅದನ್ನು ಆರಿಸದೆ ಓಡಿಹೋಗಿದ್ದ. ಅವಳು ಬಾಯಿ ಬಿಡಲಿಲ್ಲ. ಹೇಳಿದರೆ ವೈರು ಕಿತ್ತುಬಿಡುತ್ತಾರೆ.

*

ಗಂಡ ಚನ್ನವೀರಯ್ಯ ಹೋದ ಮೇಲೆ ತಿಪ್ಪಮ್ಮನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅಂಥ ಒಂದು ಸಂಜೆ ಚನ್ನೇಶ ಹೊಸ ಗೇಮೊಂದನ್ನು ಶುರು ಮಾಡಿದ್ದ. ಅದರಲ್ಲಿ ಮೊದಲು ತನ್ನ ಆಳನ್ನು ತಾನೇ ಮಾಡಿಕೊಳ್ಳಬೇಕು. ಮೂಗು ಎಷ್ಟು ಉದ್ದ, ಹಣೆ ಎಷ್ಟು ಅಗಲ, ಎಲ್ಲವನ್ನೂ. ಅವನು ಆ ಕೆಲಸದಲ್ಲೇ ರಾತ್ರಿಯ ಊಟ ಮರೆತ.

“ಅಮ್ಮಾ, ಬಾ ಇಲ್ಲಿ. ಮೀಸೆ ಇನ್ನೊಂಚೂರ್ ದಪ್ಪ ಮಾಡ್ಲಾ?”

ಮುದ್ದೆ ಕೋಲನ್ನು ಹಿಡಿದುಕೊಂಡೇ ಬಂದ ತಿಪ್ಪಮ್ಮ ಬಾಗಿಲಲ್ಲಿ ನಿಂತುಬಿಟ್ಟಳು. ಟೀವಿಯೊಳಗಿಂದ ಚನ್ನವೀರಯ್ಯ ಅವಳನ್ನು ನೋಡುತ್ತಿದ್ದ. ಎಡ ಹುಬ್ಬಿನ ಗಾಯದ ಗೆರೆಯೂ ಇತ್ತು.

“ಬ್ಯಾಡ ಕಣೋ, ಅಳಿಸ್ಬುಡು,” ಎಂದಳು. ಆಮೇಲೆ, ಬಹಳ ಹೊತ್ತಾದ ಮೇಲೆ, “ದಪ್ಪ ಮಾಡ್ಬ್ಯಾಡ. ಸರ್ಯಾಗೈತೆ,” ಎಂದಳು.

ಅಂದಿನಿಂದ ಚನ್ನವೀರಯ್ಯ ಕತ್ತಿ ಹಿಡಿದು ಪಾಳು ಕೋಟೆಗಳಲ್ಲಿ ಅಲೆಯತೊಡಗಿದ. ಬದುಕಿದ್ದಾಗ ಅಡಿಕೆ ಮಂಡಿಯಲ್ಲಿ ಮೂಟೆ ತೂಗುತ್ತಿದ್ದವನು! ತಿಪ್ಪಮ್ಮ ಟೀವಿ ನೋಡುತ್ತಿದ್ದುದು ಕಡಿಮೆ. ಅಡುಗೆಮನೆಯಿಂದಲೇ ಕೇಳುತ್ತಿದ್ದಳು. ಬರಬರುತ್ತ ಹಾಡಿನ ಮೇಲೆಯೇ ಅವಳಿಗೆ ಎಲ್ಲ ತಿಳಿಯುತ್ತಿತ್ತು. ನಗಾರಿ ಶುರುವಾದರೆ ರಾಕ್ಷಸ ಬಂದ. ಈಗ ಊಟಕ್ಕೆ ಕರೆಯಬಾರದು. ನೂರು ಜನ ಒಟ್ಟಿಗೆ ಕೂಗಿದಂತಾದರೆ ರಾಕ್ಷಸನಿಗೆ ಅರ್ಧ ಜೀವ ಹೋಗಿದೆ, ಸಿಟ್ಟು ಹೆಚ್ಚಾಗಿದೆ. ಕೊಳಲು ಬಂದರೆ ಬೆಂಕಿ. ರಾಕ್ಷಸನ ಬಾಗಿಲಿನ ಈಚೆಗೆ ಒಂದು ಬೆಂಕಿ ಉರಿಯುತ್ತಿರುತ್ತದೆ. ಅಲ್ಲಿ ಕೂತವನನ್ನು ಯಾರೂ ಮುಟ್ಟುವಂತಿಲ್ಲ.

“ಯಾರೂನಾ?” ಎಂದು ಅವಳು ಕೇಳಿದ್ದಳು.

“ಯಾರೂ ಅಂದ್ರೆ ಯಾರೂ. ಅದು ರೂಲ್ಸು. ಎಂಥಾ ಕಟುಕ ಗೇಮ್ ಮಾಡಿದ್ರೂ ಅದೊಂದ್ ಜಾಗ ಬಿಟ್ಟಿರ್ತಾನೆ.”

ಅವತ್ತಿನಿಂದ ಚನ್ನೇಶ ಮಲಗುವ ಮುಂಚೆ ಅಪ್ಪನನ್ನು ಬೆಂಕಿಯ ಮುಂದೆ ಕೂರಿಸಿ, ಹಾಡನ್ನು ಹಾಗೇ ಬಿಟ್ಟು, ಚಾಪೆ ಹಾಸಿಕೊಳ್ಳುತ್ತಿದ್ದ. ಬೆಳತನಕ ಕೊಳಲು. ತಿಪ್ಪಮ್ಮನಿಗೆ ನಿದ್ದೆ ಬಂತು. ಮಗಳು ಕಾವ್ಯ ಮಾತ್ರ ಒಮ್ಮೊಮ್ಮೆ ಗೊಣಗುತ್ತಿದ್ದಳು: “ಹೊರಗಿನೋರು ಏನಂದ್ಕೊಳಲ್ಲ? ಈ ಮನೇಲಿ ರಾತ್ರಿಯೆಲ್ಲಾ ಗೇಮ್ ಆಡ್ತಾರೆ ಅಂತಾರೆ.”

*

ಮಧ್ಯಾಹ್ನ ಕಂಪನಿಯ ಎಚ್ಆರ್ ಅಧಿಕಾರಿ ಲಕ್ಷ್ಮೀಕಾಂತ್ ವಸಂತನರಸಾಪುರದ ಫ್ಯಾಕ್ಟರಿಯಿಂದ ಕಾರಿನಲ್ಲಿ ಬಂದರು. ದೊಡ್ಡ ಹಾರ ತಂದಿದ್ದರು. ಶೂ ಬಿಚ್ಚಿ, ಸಾಕ್ಸನ್ನು ಮಡಿಸಿ ಅದರೊಳಗಿಟ್ಟು, ಹೆಣಕ್ಕೆ ಕೈ ಮುಗಿದು, ನೇರ ತಿಪ್ಪಮ್ಮನ ಮುಂದೆ ನೆಲದ ಮೇಲೆ ಕೂತರು. ಇಷ್ಟು ಮರ್ಯಾದೆಯನ್ನು ಆ ಕಂಪನಿ ಚನ್ನೇಶನಿಗೆ ಬದುಕಿದ್ದಾಗ ತೋರಿಸಿರಲಿಲ್ಲ.

“ಅಮ್ಮಾ, ಚನ್ನೇಶ್ ನಮಗೂ ಮಗ ಇದ್ದಂಗೆ. ಆಗಿದ್ದು ಆಗೋಯ್ತು. ಕಾವ್ಯಂದು ಬಿ.ಕಾಂ ಆಗಿದೆಯಂತಲ್ಲ? ಆಫೀಸಲ್ಲೇ ಕೆಲಸ ಕೊಡ್ಸೋಣ. ಪರ್ಮನೆಂಟು.”

“ಕೈ ಮುಗೀತೀನಿ ಸಾರ್,” ಎಂದರು ಸದಾಶಿವಯ್ಯ.

“ಒಂದೇ ಒಂದ್ ಮಾತು. ಹೆಡ್ ಆಫೀಸಿಂದ ಎನ್ಕ್ವೈರಿಯವರು ಫೋನಲ್ಲಿ ಕೇಳ್ತಾರೆ, ರೆಕಾರ್ಡ್ ಮಾಡ್ಕೋತಾರೆ. ರಾತ್ರಿಯೆಲ್ಲಾ ಗೇಮ್ ಆಡ್ತಿದ್ದ, ನಿದ್ದೆ ಇರ್ಲಿಲ್ಲ, ಅಂತ ನೀವು ಹೇಳ್ಬೇಕು. ಮಿಷನ್ ಹತ್ರ ತೂಕಡಿಸಿಬಿಟ್ಟ, ಅಷ್ಟೇ. ಸುಳ್ಳೇನ್ ಹೇಳ್ತಿಲ್ವಲ್ಲ? ನಿಮ್ ಪಕ್ಕದ ಮನೆಯವರೇ ಹೇಳಿದಾರೆ.”

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಮಹಾಲಿಂಗಯ್ಯ ತಲೆ ತಗ್ಗಿಸಿದ. ಅವನ ಮಗನೂ ಅದೇ ಕಂಪನಿಯಲ್ಲಿದ್ದ.

“ಕೇಳಿದ್ರು, ಹೇಳ್ದೆ ತಿಪ್ಪಮ್ಮಾ,” ಎಂದ. “ಭಾನುವಾರ ರಾತ್ರಿ ಬೆಳಗಾಗೋಗಂಟ ಅವನ ಗೇಮಿನ್ ಸದ್ದು ಬರ್ತಿತ್ತು. ನಂಗೆ ಕೆಮ್ಮು, ನಿದ್ದೆ ಇಲ್ಲ. ಕೇಳುಸ್ತು, ಕೇಳುಸ್ತು ಅಂದೆ.”

*

ಸಾಯುವುದಕ್ಕೆ ಒಂದು ವಾರ ಮೊದಲು ಚನ್ನೇಶ ಕುಣಿಗಲ್ಲಿನಿಂದ ಬಂದಿದ್ದ ಗೆಳೆಯನ ಮುಂದೆ ಗೇಮಿನ ಒಬ್ಬ ದೊಡ್ಡ ರಾಕ್ಷಸನ ಹತ್ತಿರ ಮತ್ತೆ ಮತ್ತೆ ಸೋತ. ಕುಲುಮೆಯ ರಾಕ್ಷಸ ಅದು. ಮನೆಯಷ್ಟು ದೊಡ್ಡ ಸುತ್ತಿಗೆ. ಗೆಳೆಯ ಹೊರಟುಹೋದ ಮೇಲೂ ಚನ್ನೇಶ ರಿಮೋಟು ಬಿಡಲಿಲ್ಲ. ಕಾಫಿ ತಂದ ತಿಪ್ಪಮ್ಮ ಬೈದಳು.

“ಅಷ್ಟ್ ಸಲ ಹೊಡಿಸ್ಕೊಂಡು ಮತ್ತೆ ಅಲ್ಲಿಗೇ ಹೋಯ್ತೀಯಲ್ಲೋ. ನಾಚ್ಕೆ ಆಗಲ್ವಾ?”

“ಅವನು ಮೋಸ ಮಾಡಲ್ಲ ಅಮ್ಮಾ. ನೋಡಿಲ್ಲಿ. ಸುತ್ತಿಗೆ ಎತ್ತೋಕ್ ಮುಂಚೆ ಭುಜ ಕುಣಿಸ್ತಾನೆ. ಎತ್ತಿದ್ಮೇಲೆ ಒಂದುಸುರು ನಿಲ್ತಾನೆ. ಆ ಉಸುರಲ್ಲಿ ನಾನ್ ಸರ್ಕೋಬೇಕು. ಸರ್ಕೊಳ್ದೆ ಸತ್ರೆ ತಪ್ಪು ನಂದು. ನಗಾರಿ ಹೊಡ್ದು, ಹಾಡ್ ಹಾಕಿ, ಬಾಗಿಲು ತೆಗ್ದು ಬರ್ತಾನೆ. ಹೇಳಿ ಹೊಡಿಯೋ ದೊಡ್ಡ ಮನುಷ್ಯ.”

ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಅಪ್ಪನನ್ನು ಬೆಂಕಿಯ ಬಳಿಗೆ ನಡೆಸಿಕೊಂಡು ಹೋಗಿ ಕೂರಿಸಿದ. ಕೊಳಲು ಶುರುವಾಯಿತು.

“ನಮ್ ಪ್ರೆಸ್ಸಿಗೂ ಒಂದ್ ಸೆನ್ಸರ್ ಇತ್ತು. ಅದರ ಬೆಳಕಿಗೆ ಬೆರಳು ಅಡ್ಡ ಬಂದ್ರೆ ಸಾಕು, ನಿಂತೋಗ್ತಿತ್ತು. ಸುಮ್ ಸುಮ್ನೆ ಲೈನ್ ನಿಲ್ತದೆ ಅಂತ ಬಂದ್ ಮಾಡ್ಸವ್ರೆ. ಈಗ ಅದಕ್ಕೆ ಭುಜಾನೂ ಇಲ್ಲ, ಉಸುರೂ ಇಲ್ಲ.”

“ಬ್ಯಾಡ ಅನ್ನಕ್ಕಾಗಲ್ವಾ?”

“ಅಂದೆ. ನಿಂಗ್ ಭಯ ಆದ್ರೆ ಮನೇಲಿ ಗೇಮ್ ಆಡ್ಕೊಂಡಿರು ಅಂದ್ರು.” ಅವನು ನಕ್ಕ. ತಿಪ್ಪಮ್ಮ ನಗಲಿಲ್ಲ.

*

“ಹೇಳ್ಬುಡು ತಿಪ್ಪಮ್ಮಾ,” ಎಂದರು ಸದಾಶಿವಯ್ಯ. “ಹೋದೋನು ಹೋದ. ಇರೋ ಮಗಳ ಮುಖ ನೋಡು. ಅವನು ಆಡ್ತಿದ್ದದ್ದು ಊರಿಗೇ ಗೊತ್ತು.”

ತಿಪ್ಪಮ್ಮ ಮಗಳ ಮುಖ ನೋಡಿದಳು. ಕಾವ್ಯ ಬಿ.ಕಾಂ ಮುಗಿಸಿ ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ನಿಂತು ಕಾಲು ಊದಿಸಿಕೊಂಡು ಬರುತ್ತಿದ್ದಳು. ಒಂದು ಮಾತು. ಸತ್ತವನಿಗೆ ಅದು ಕೇಳಿಸುವುದೂ ಇಲ್ಲ. ತಿಪ್ಪಮ್ಮನ ನಾಲಗೆಯ ತುದಿಯವರೆಗೆ ಆ ಮಾತು ಬಂದಿತ್ತು. ಸುಳ್ಳಲ್ಲ, ಭಾವ ಅಂದಂತೆ ಊರಿಗೇ ಗೊತ್ತು.

ಆಗ ಕರೆಂಟು ಹೋಯಿತು.

ಫ್ಯಾನು ನಿಧಾನವಾಗಿ ನಿಂತಿತು. ಫ್ರಿಜ್ಜಿನ ಗುಂಯ್‌ಗುಡುವಿಕೆ ನಿಂತಿತು. ಎದುರಿನ ಮಿಲ್ಲಿನ ಸದ್ದೂ ನಿಂತಿತು. ಹಾಡು ನಿಲ್ಲಲಿಲ್ಲ.

ಬೇರೆ ಯಾವ ಸದ್ದೂ ಇಲ್ಲದ ಮನೆಯಲ್ಲಿ ಅದು ದೊಡ್ಡದಾಗುತ್ತ ಬಂದಂತಾಯಿತು. ಕೂತ ಹೆಣದ ಬೆನ್ನ ಹಿಂದಿನ ಗೋಡೆಯೇ ಊದುತ್ತಿದೆಯೇನೋ ಎಂಬಂತೆ. ದೊಡ್ಡಗಂಗಮ್ಮ ಎದ್ದು ಹೊರಗೆ ಹೋದಳು. ಲಕ್ಷ್ಮೀಕಾಂತರ ಕತ್ತು ತಾನಾಗಿ ಹಿಂದಕ್ಕೆ ತಿರುಗಿತು. ಹೆಣದ ಕಣ್ಣು ಪೂರ್ತಿ ಮುಚ್ಚಿರಲಿಲ್ಲ.

“ಇದೇ!” ಎಂದ ಮಹಾಲಿಂಗಯ್ಯ. “ಇದೇ ಕಣ್ರೀ ಅವತ್ತು ರಾತ್ರಿ ಕೇಳುಸ್ತಿದ್ದಿದ್ದು!”

ತಿಪ್ಪಮ್ಮ ತಲೆ ಎತ್ತಿದಳು.

“ಇದೇನಾ? ನಗಾರಿ ಇರ್ಲಿಲ್ವಾ?”

“ನಗಾರಿ ಎಂಥದ್ದು? ಇಲ್ಲ.”

“ಜನ ಕೂಗ್ದಂಗೆ?”

“ಇಲ್ಲ ತಾಯಿ. ಇದೊಂದೇ. ಮಲಗ್ದಾಗಿಂದ ಏಳೋಗಂಟ ಇದೊಂದೇ ಕೊಳಲು. ಹುಚ್ಚು ಹಿಡ್ದಂಗಾಗಿತ್ತು ನಂಗೆ.”

“ಹಂಗಾದ್ರೆ ನನ್ ಮಗ ಮಲಗಿದ್ದ,” ಎಂದಳು ತಿಪ್ಪಮ್ಮ.

ಲಕ್ಷ್ಮೀಕಾಂತ್ ಸಮಾಧಾನದಿಂದ ನಕ್ಕರು. “ಅಮ್ಮಾ, ಗೇಮ್ ಆನಿತ್ತು ಅಂದ್ರೆ ಆಡ್ತಿದ್ದ ಅಂತಾನೇ ಅರ್ಥ. ಹಾಡು ಯಾವ್ದು ಅಂತ ಯಾರ್ ಕೇಳ್ತಾರೆ?”

“ಇದು ಬೆಂಕಿ ಹಾಡು. ಎದ್ ಒಂದ್ ಹೆಜ್ಜೆ ಇಟ್ರೆ ನಿಂತೋಯ್ತದೆ. ರಾತ್ರಿಯೆಲ್ಲಾ ಬಂತು ಅಂದ್ರೆ ರಾತ್ರಿಯೆಲ್ಲಾ ಅದನ್ನ ಯಾರೂ ಮುಟ್ಟಿಲ್ಲ. ನಂಗೋಸ್ಕರ ಹಾಕಿ ಮಲಗ್ತಿದ್ದ.”

“ಸರಿ, ಯಾರೂ ಆಡ್ತಿರ್ಲಿಲ್ಲ ಅಂದ್ರೆ ಆ ಬೆಂಕಿ ಮುಂದೆ ಯಾರಿದ್ರಮ್ಮಾ?” ಎಂದರು ಲಕ್ಷ್ಮೀಕಾಂತ್.

ಕಾವ್ಯ ಎದ್ದಳು. ಯಾರನ್ನೂ ನೋಡದೆ ಟೀವಿಯ ಬಳಿಗೆ ಹೋಗಿ ಗುಂಡಿ ಒತ್ತಿದಳು. ಕರೆಂಟು ಹೋದರೂ ನಡೆಯಲೆಂದು ಅಣ್ಣ ಕಂಪ್ಯೂಟರಿನ ಜೊತೆ ಅದನ್ನೂ ಯುಪಿಎಸ್ ಬ್ಯಾಟರಿಗೇ ಸಿಕ್ಕಿಸಿದ್ದ.

ಕತ್ತಲ ಕೋಟೆ. ಮುಚ್ಚಿದ ದೊಡ್ಡ ಬಾಗಿಲು. ಅದರ ಈಚೆಗೆ ಬೆಂಕಿ, ಬೆಂಕಿಯ ಮುಂದೆ ಚನ್ನವೀರಯ್ಯ. ಉಸಿರಿಗೆ ತಕ್ಕಂತೆ ಅವನ ಭುಜ ಏಳುತ್ತಿತ್ತು, ಇಳಿಯುತ್ತಿತ್ತು. ಅವನು ಎರಡೂ ಕೈ ಚಾಚಿ ಕಾಯಿಸಿಕೊಂಡು, ಉಜ್ಜಿ, ಮತ್ತೆ ಚಾಚಿದ. ಬೆಂಕಿಯ ಕೆಂಪು ಎದುರಿಗೆ ಕೂತ ಮಗನ ವಿಭೂತಿಯ ಮೇಲೆ ಹೊಯ್ದಾಡಿತು.

ಸದಾಶಿವಯ್ಯ ಗೋಡೆ ಹಿಡಿದುಕೊಂಡರು. “ವೀರಾ...” ಎಂದಿತು ಅವರ ಬಾಯಿ. ಆಮೇಲೆ ಕೂಗಿದರು: “ಆರ್ಸೇ ಅದನ್ನ! ಆರ್ಸು ಅಂದ್ರೆ!”

ಕಾವ್ಯ ಆರಿಸಲಿಲ್ಲ.

ಬ್ಯಾಟರಿ ಇಳಿದಂತೆ ಯುಪಿಎಸ್ಸು ಕೀಂ ಕೀಂ ಎಂದು ಕೂಗತೊಡಗಿತು. ಹೊರಗಿನಿಂದ ಅಯ್ಯನವರು, “ಹೊತ್ತೊಯ್ಯೋ ಮಂಟಪ ಸಿದ್ಧ ಆಯ್ತು, ಹೊತ್ತು ಮೀರ್ತಿದೆ,” ಎಂದರು. ಅದೇ ಹೊತ್ತಿಗೆ ಲಕ್ಷ್ಮೀಕಾಂತರ ಫೋನು ಬಡಿದುಕೊಂಡಿತು. ಅವರು ಎರಡು ಮಾತಾಡಿ, ಸ್ಪೀಕರಿಗೆ ಹಾಕಿ, ತಿಪ್ಪಮ್ಮನ ಬಾಯಿಯ ಹತ್ತಿರ ಹಿಡಿದರು.

“ಹೇಳಿ ಅಮ್ಮಾ. ರೆಕಾರ್ಡ್ ಆಗ್ತಿದೆ. ನಾನ್ ಹೇಳ್ದಂಗೇ ಹೇಳಿ.”

ತಿಪ್ಪಮ್ಮ ಫೋನನ್ನು ಅವರ ಕೈಯಿಂದ ತೆಗೆದುಕೊಂಡಳು. ಎದ್ದಳು. ಸಜ್ಜೆಯ ಕೆಳಗೆ ಹೋಗಿ, ತುದಿಗಾಲಲ್ಲಿ ನಿಂತು, ರಾಗಿ ಡಬ್ಬಗಳ ನಡುವೆ ಫೋನನ್ನು ಚಾಚಿ ಹಿಡಿದಳು.

“ಹಲೋ?” ಎಂದಿತು ಫೋನು. “ಹಲೋ, ಯಾರು ಮಾತಾಡ್ತಿರೋದು? ಏನ್ ಸೌಂಡ್ ಅದು?”

ಕೊಳಲು ಊದುತ್ತಲೇ ಇತ್ತು.

“ಅಮ್ಮಾ, ಫೋನ್ ಕೊಡಿ,” ಎಂದರು ಲಕ್ಷ್ಮೀಕಾಂತ್.

“ತಿಪ್ಪಮ್ಮಾ, ಕೈ ಇಳಿಸು,” ಎಂದರು ಸದಾಶಿವಯ್ಯ, ಟೀವಿಗೆ ಬೆನ್ನು ಹಾಕಿ. “ನನ್ ಮಾತು ಕೇಳು. ಇಳಿಸು.”

“ಇಳಿಸಲ್ಲ ಭಾವಾ.”

ಬಳೆ ಒಂದೂ ಇಲ್ಲದ ಆ ಕೈ ಸಜ್ಜೆಯಷ್ಟೆತ್ತರದಲ್ಲಿ ನಿಂತಿತ್ತು. ಕೆಳಗೆ ತಂದೆ ಬೆಂಕಿಗೆ ಕೈ ಚಾಚಿದ್ದ. ಎದುರಿಗೆ ಮಗ, ಗೂಟಕ್ಕೆ ಕಟ್ಟಿದ ತಲೆಯನ್ನು ಒಂದಿಷ್ಟೂ ವಾಲಿಸದೆ, ನೋಡುತ್ತ ಕೂತಿದ್ದ.