ಕೈಗೆಟುಕುವಷ್ಟು ದೂರದಲ್ಲಿ ಮಗು

ಬಾಣಂತಿಗೆ ನಿದ್ದೆಯಿಲ್ಲ, ಮಗುವಿಗೆ ಹೊತ್ತುಗೊತ್ತಿಲ್ಲ. ಇದು ಎಲ್ಲರ ಮನೆಯ ಮಾತು. ಆದರೆ ಊರಿನವರ ಬಟ್ಟೆ ಹೊಲಿಯುವ ಟೈಲರಮ್ಮನ ನಿದ್ದೆ ಹೋದದ್ದು ಮಗು ಪಕ್ಕದಲ್ಲಿಲ್ಲ ಎಂದು.

ಅವಳ ಮಗ ದಿನ ತುಂಬುವ ಮೊದಲೇ ಹುಟ್ಟಿದ್ದ. ಅತ್ತೆ ನೋಡಿದವರೇ "ಬೊಗಸೆಮರಿ" ಅಂದರು, ಅದೇ ಹೆಸರು ನಿಂತಿತು. ವಾರಗಟ್ಟಲೆ ಅವನು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದ. ಟೈಲರಮ್ಮ ಹಾಲು ಹಿಂಡಿ ಕೊಟ್ಟು, ಗಾಜಿಗೆ ಹಣೆಯಾನಿಸಿ ನಿಂತು, ಬರಿಗೈಯಲ್ಲಿ ಮನೆಗೆ ಬರುತ್ತಿದ್ದಳು. ಮಲಗಿದರೆ ಅವಳ ತೋಳು ತಾನಾಗಿ ಮಡಚಿಕೊಳ್ಳುತ್ತಿತ್ತು, ಅಲ್ಲೊಂದು ಪುಟ್ಟ ತಲೆ ಇರಬೇಕಿತ್ತು ಅನ್ನುವ ಹಾಗೆ.

ಕೊನೆಗೂ ಮಗು ಮನೆಗೆ ಬಂತು. ಅದರ ಬೆನ್ನಿಗೇ, ಮನೆಮನೆಗೆ ಬಂದು ನೋಡುವ ನರ್ಸಕ್ಕನೂ ಬಂದಳು.

"ಇದೇ ರೂಮಲ್ಲಿ ಮಲಗಿಸಿ, ನಿಮ್ಮ ಕೈಗೆಟುಕೋ ಹಾಗೆ. ಆದ್ರೆ ನಿಮ್ಮ ಹಾಸಿಗೆಯಲ್ಲಿ ಈಗಲೇ ಬೇಡ" ಅಂದಳು.

ಟೈಲರಮ್ಮ ಮಗುವನ್ನು ಎದೆಗೆ ಅವಚಿಕೊಂಡಳು. "ಇಷ್ಟು ದಿನ ಗಾಜು ಅಡ್ಡ ಇತ್ತು. ಈಗ ನೀವು ಅಡ್ಡ ಬರ್ತೀರಾ ಅಕ್ಕ?"

ಅತ್ತೆ ಸುಮ್ಮನಿರುವವರಲ್ಲ. "ನಾನು ಹೆತ್ತ ಮಕ್ಕಳೆಲ್ಲ ನನ್ನ ಪಕ್ಕದಲ್ಲೇ ಮಲಗಿ ಬೆಳೆದವು. ತಾಯಿ ಮಗ್ಗುಲಿನಷ್ಟು ಬೆಚ್ಚಗಿನ ಜಾಗ ಯಾವ ಅಂಗಡೀಲಿ ಸಿಗುತ್ತಮ್ಮ?"

"ಎಲ್ಲೂ ಸಿಗಲ್ಲ ಅಜ್ಜಿ. ಆದ್ರೆ ನಿಮ್ಮ ಮಕ್ಕಳು ದಿನ ತುಂಬಿ, ಗುಂಡುಗುಂಡಾಗಿ ಹುಟ್ಟಿದ್ದು. ಇವನಿಗೆ ಮೂಗಿಗೆ ಬಟ್ಟೆ ಅಡ್ಡ ಬಂದ್ರೂ ಕತ್ತು ಹೊರಳಿಸೋ ಶಕ್ತಿ ಇಲ್ಲ. ಅಳೋಕೂ ಉಸಿರು ಬೇಕಲ್ವಾ? ಸದ್ದಿಲ್ಲದೆ ಜೀವ ಹೋಗಿಬಿಡುತ್ತೆ."

"ಬಿಡ್ತು ಅನ್ನು" ಎಂದು ಅತ್ತೆ ಮುಖ ತಿರುಗಿಸಿದರು.

ಮಗುವಿನ ಹಾಸಿಗೆ ಬೇರೆಯಾಯಿತು. ಟೈಲರಮ್ಮನ ಆಸೆ ಮಾತ್ರ ಹಿಂಗಲಿಲ್ಲ. ಒಂದು ಮಧ್ಯಾಹ್ನ ಗಂಡ ಬಸ್ ಓಡಿಸಲು ಹೋಗಿದ್ದ, ಅತ್ತೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಅವಳು ಸೋಫಾದಲ್ಲಿ ಒರಗಿ ಹಾಲು ಕುಡಿಸುತ್ತಿದ್ದಳು. ಮಗು ಎದೆಯ ಮೇಲೇ ನಿದ್ದೆ ಹೋಯಿತು. ಇಳಿಸಲು ಮನಸ್ಸು ಬರಲಿಲ್ಲ. ಇನ್ನೊಂದು ಗಳಿಗೆ, ಇನ್ನೊಂದೇ ಗಳಿಗೆ ಎಂದುಕೊಳ್ಳುತ್ತಲೇ ಅವಳ ಕಣ್ಣೂ ಹತ್ತಿತು.

ಖಾಲಿ ಬಕೆಟ್ ಹಿಡಿದು ಒಳಗೆ ಬಂದ ಅತ್ತೆಗೆ ಸೊಸೆ ಕಂಡಳು, ಮಗು ಕಾಣಲಿಲ್ಲ. ಅದು ಜಾರಿ ಸೋಫಾದ ಸಂದಿಗೆ ಸೇರಿತ್ತು. ಮುಖ ಮೆತ್ತೆಯಲ್ಲಿ ಹುದುಗಿತ್ತು. ಎತ್ತಿದಾಗ ತುಟಿ ನೀಲಿಗಟ್ಟಿತ್ತು. ಅತ್ತೆ ಬೆನ್ನು ನೀವಿದರು, ಅಂಗಾಲು ತಟ್ಟಿದರು. ಬೊಗಸೆಮರಿ ಒಮ್ಮೆ ಬಿಕ್ಕಿ, ಆಮೇಲೆ ಅತ್ತ.

ಅಳುವಿಗೆ ಎಚ್ಚೆತ್ತ ಟೈಲರಮ್ಮ, ಅತ್ತೆ ಇಬ್ಬರೂ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದರು. ಡಾಕ್ಟರ್ ಪರೀಕ್ಷೆ ಮಾಡಿ, "ತಕ್ಷಣ ಎತ್ತಿದ್ದಕ್ಕೆ ಉಳಿದ" ಅಂದರು.

ಸಂಜೆ ನರ್ಸಕ್ಕ ಬಂದಾಗ ಟೈಲರಮ್ಮ ಗೋಡೆಗೆ ಒರಗಿ ಕೂತಿದ್ದಳು. "ಇನ್ಮೇಲೆ ನಾನು ಅವನನ್ನ ಮುಟ್ಟೋದೇ ಇಲ್ಲ ಅಕ್ಕ."

"ಹಾಗನ್ನಬೇಡಿ. ಎಚ್ಚರ ಇರೋವಾಗ ಮೈಗೆ ಮೈ ತಾಗೋ ಹಾಗೆ ಎಷ್ಟು ಹೊತ್ತು ಬೇಕಾದ್ರೂ ಅವಚಿಕೊಳ್ಳಿ. ಅದ್ರಿಂದಲೇ ಅವನು ಬೆಳೆಯೋದು. ಕಣ್ಣು ಎಳೀತು ಅಂದ್ರೆ ಅಜ್ಜಿ ಕೈಗೆ ಕೊಡಿ, ಇಲ್ಲ ಅವನ ಹಾಸಿಗೆಗೆ ಇಳಿಸಿ, ದಿಂಬು ಬೇಡ. ಅಂಗಾತ ಮಲಗಿಸಿ. ತೂಕ ಬಂದು ಗಟ್ಟಿಯಾದ ಮೇಲೆ ಡಾಕ್ಟರನ್ನ ಕೇಳೋಣ."

"ಆಗ ನಮ್ಮಿಬ್ಬರ ಮಧ್ಯೆ ಮಲಗಿಸಬಹುದಾ?" ಎಂದ ಆಗಷ್ಟೇ ಕೆಲಸದಿಂದ ಬಂದಿದ್ದ ಗಂಡ.

"ಮಧ್ಯೆ ಯಾವತ್ತೂ ಬೇಡ. ಬೀಡಿ ಸೇದೋ ನೀವು ಆ ಹಾಸಿಗೆಯಲ್ಲೇ ಇರಬಾರದು."

"ಹೊರಗೆ ಹೋಗಿ ಸೇದ್ತೀನಲ್ಲ."

"ಹೊಗೆ ನಿಮ್ಮ ಉಸಿರಲ್ಲೇ ಒಳಗೆ ಬರುತ್ತೆ ಅಣ್ಣ."

ಅವನು ಬಗ್ಗಿ ಮಗುವಿನ ಅಂಗಾಲು ಮುಟ್ಟಿದ. ಆಮೇಲೆ ತನ್ನ ದಿಂಬು, ಹೊದಿಕೆ ಎತ್ತಿಕೊಂಡು ಹೊರಕೋಣೆಗೆ ನಡೆದ. ಬೀಡಿ ಬಿಡುವ ಮಾತು ಆ ದಿನ ಶುರುವಾಯಿತು.

ಅತ್ತೆ ತಾವೇ ಮುಂದೆ ನಿಂತು ಸೊಸೆಯ ಹಾಸಿಗೆಯನ್ನು ಮಂಚದಿಂದ ನೆಲಕ್ಕಿಳಿಸಿದರು. ಮಗುವಿನ ಗಟ್ಟಿ ಹಾಸಿಗೆಯನ್ನು ಪಕ್ಕದಲ್ಲೇ, ಸಂದಿಗೆ ಜಾರದಂತೆ ಗೋಡೆಯಿಂದ ದೂರವಿಟ್ಟು ಹಾಸಿದರು. ಮಗು ಆಸ್ಪತ್ರೆಯಲ್ಲಿದ್ದಾಗ ಟೈಲರಮ್ಮ ಹೊಲಿದಿದ್ದ ಪುಟ್ಟ ದಿಂಬು ಅದರ ಮೇಲಿತ್ತು. ಒಂದೊಂದು ಹೊಲಿಗೆಯಲ್ಲೂ ಅವನನ್ನು ಕರೆದಿದ್ದಳು. ಅದನ್ನು ಅವಳೇ ಎತ್ತಿ ಬೀರುವಿನಲ್ಲಿಟ್ಟಳು.

ಮಗನತ್ತ ತಿರುಗಿ ಮಲಗಿದಳು. ನಡುವೆ ಇದ್ದದ್ದು ಗೇಣು ಜಾಗ. ಅಷ್ಟೂ ಅವಳಿಗೆ ದೂರವೇ ಅನ್ನಿಸಿತು. ಆದರೂ ಅವನ ಎದೆ ಏರಿ ಇಳಿಯುವುದನ್ನು ನೋಡುತ್ತ, ಆಸೆ ಕಾದೀತು, ಉಸಿರು ಕಾಯದು ಎಂದುಕೊಂಡಳು.

ಇದನ್ನು ಕೇಳುತ್ತಿರುವ ಅಮ್ಮ, ಅಪ್ಪ, ಅಜ್ಜಿ, ನಿಮಗೂ ಹಸುಗೂಸನ್ನು ತಬ್ಬಿ ಮಲಗುವ ಆಸೆ ಇದ್ದೇ ಇರುತ್ತದೆ. ಮಗುವನ್ನು ನಿಮ್ಮ ಕೋಣೆಯಲ್ಲೇ, ಅದರದೇ ಗಟ್ಟಿ ಹಾಸಿಗೆಯಲ್ಲಿ ಅಂಗಾತ ಮಲಗಿಸಿ. ದಿಂಬು, ದಪ್ಪ ಹೊದಿಕೆ ಹತ್ತಿರ ಬೇಡ. ಮಗುವಿನ ಜೊತೆ ಸೋಫಾದಲ್ಲಿ ಎಂದೂ ನಿದ್ದೆ ಮಾಡಬೇಡಿ. ಬೀಡಿ ಸಿಗರೇಟು ಸೇದುವವರು, ಕುಡಿದವರು, ಮಂಪರು ಬರಿಸುವ ಔಷಧಿ ತೆಗೆದುಕೊಂಡವರು ಮಗುವಿನ ಪಕ್ಕ ಮಲಗಬಾರದು. ಮಗು ದಿನ ತುಂಬದೆ ಹುಟ್ಟಿದ್ದರೆ, ತೂಕ ಕಡಿಮೆಯಿದ್ದರೆ, ಡಾಕ್ಟರನ್ನು ಕೇಳದೆ ನಿಮ್ಮ ಹಾಸಿಗೆಗೆ ತರಬೇಡಿ. ಇವತ್ತೇ ಒಮ್ಮೆ ನಿಮ್ಮ ಮಗು ಮಲಗುವ ಜಾಗ ಗಟ್ಟಿಯಿದೆಯೇ ಎಂದು ಮುಟ್ಟಿ ನೋಡಿ.